ಸಾವಿನ ಮನೆಯ ಸಹಿ

ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಯಂತ್ರಗಳ ಪಕ್ಕದ ಕೋಣೆಯಲ್ಲಿ ಕೂತು, ಹರಿದ ಹೊದಿಕೆಗಳಿಗೂ ರೋಗಿಗಳ ನಿಲುವಂಗಿಗಳಿಗೂ ಹೊಲಿಗೆ ಹಾಕುವ ಹೆಂಗಸನ್ನು ಅಲ್ಲಿ ಎಲ್ಲರೂ ಸೂಜಿಯಕ್ಕ ಅನ್ನುತ್ತಾರೆ. ಕೈಯಲ್ಲಿ ಸೂಜಿ ಇದೆ ಅಂತ ಮಾತ್ರವಲ್ಲ, ನಾಲಿಗೆಯೂ ಅದೇ ಜಾತಿಯದು ಅಂತ. ರಕ್ತ, ಕೀವು, ವಾಂತಿ ಯಾವುದಕ್ಕೂ ಅವಳು ಮೂಗು ಮುಚ್ಚಿಕೊಂಡವಳಲ್ಲ. ಹೊಸದಾಗಿ ಬಂದ ನರ್ಸುಗಳು ಬೆರಳ ತುದಿಯಲ್ಲಿ ಎತ್ತಿ ಎಸೆಯುವ ಬಟ್ಟೆಯನ್ನು ಇವಳು ಮಡಿಲಿಗೆ ಹಾಕಿಕೊಂಡು ನೂಲು ಪೋಣಿಸುತ್ತಾಳೆ. ನಿಮಗೆ ಅಸಹ್ಯ ಅನ್ನೋದೇ ಆಗಲ್ವಾ ಅಂತ ಯಾರೋ ಕೇಳಿದ್ದಕ್ಕೆ, ಆಗತ್ತೆ, ಮನೆಗೆ ಹೋದ ಮೇಲೆ ಆಗತ್ತೆ ಅಂದಿದ್ದಳು. ಕೇಳಿದವರು ತಮಾಷೆ ಅಂದುಕೊಂಡು ನಕ್ಕರು. ಅವಳು ನಿಜವನ್ನೇ ಹೇಳಿದ್ದಳು. ಮನೆಯಲ್ಲಿ ಗಂಡನ ಆಲ್ಬಮ್ ಇತ್ತು.

ಗಂಡ ನೀರಿನ ಮೀಟರ್ ಓದುವವನು. ಮನೆಮನೆಯ ಹಿತ್ತಲಿಗೆ ಹೋಗಿ, ಕಬ್ಬಿಣದ ಮುಚ್ಚಳ ಎತ್ತಿ, ಗಾಜು ಒರೆಸಿ, ಅಂಕಿ ಬರೆದುಕೊಂಡು ಬರುವ ಕೆಲಸ. ಮದುವೆಯಾದ ಹೊಸದರಲ್ಲಿ ಒಂದು ದಿನ ಯಾವುದೋ ದೊಡ್ಡ ಮನೆಯ ಹಿತ್ತಲಿನಲ್ಲಿ ಬಗ್ಗಿ ನಿಂತಿದ್ದಾಗ, ಹೆಸರಾಂತ ಗಾಯಕಿಯೊಬ್ಬಳು ತಲೆಗೆ ಟವೆಲ್ ಸುತ್ತಿಕೊಂಡು ಹೊರಗೆ ಬಂದಳಂತೆ. ನಾಯಿ ತಪ್ಪಿಸಿಕೊಂಡಿತ್ತು, ಅದನ್ನು ಬೈಯುತ್ತಿದ್ದಳು. ಇವನು ಎದ್ದು ನಿಂತು ತೊದಲಿದ. ತೊಲಗಿದರೆ ಸಾಕು ಅಂತ ಅವಳು ಮೀಟರ್ ಚೀಟಿಯ ಹಿಂಬದಿಗೆ ಸಹಿ ಗೀಚಿ ಕೊಟ್ಟಳು. ಆ ಸಂಜೆ ಅವನ ಕಾಲು ನೆಲಕ್ಕೆ ತಾಗಲಿಲ್ಲ. ಸೂಜಿಯಕ್ಕನಿಗೂ ಆಗ ಸಂತೋಷವೇ ಆಯಿತು. ಗಂಡ ಅಷ್ಟು ನಕ್ಕಿದ್ದನ್ನು ಅವಳು ಅದಕ್ಕೆ ಮೊದಲು ನೋಡಿರಲಿಲ್ಲ.

ಆಮೇಲೆ ಅದು ತಲೆಗೆ ಹತ್ತಿತು. ಲಿಫ್ಟಿನಲ್ಲಿ ಸಿಕ್ಕ ಫುಟ್‌ಬಾಲ್ ಆಟಗಾರ, ಪೆಟ್ರೋಲ್ ಬಂಕಿನಲ್ಲಿ ಸಿಕ್ಕ ಸುದ್ದಿ ಓದುವವಳು, ಹೀಗೆ ಅಚಾನಕ್ಕಾಗಿ ಕಂಡವರನ್ನೆಲ್ಲ ಹಿಡಿದು ನಿಲ್ಲಿಸತೊಡಗಿದ. ಹಲ್ಲಿನ ಡಾಕ್ಟರ ಹತ್ತಿರ ಒಬ್ಬ ಹಾಸ್ಯನಟ ಕೆನ್ನೆ ಊದಿಸಿಕೊಂಡು ಕೂತಿದ್ದ. ಹಲ್ಲು ಕಿತ್ತು ಬಾಯಿ ಮರಗಟ್ಟಿತ್ತು, ಬೇಡ ಅನ್ನಲೂ ನಾಲಿಗೆ ಹೊರಳುತ್ತಿರಲಿಲ್ಲ. ಅವನ ಮೂಗಿನ ಕೆಳಗೇ ಹಾಳೆ ಹಿಡಿದು ಸಹಿ ಮಾಡಿಸಿಕೊಂಡ. ಕೆಂಪು ಬೆರೆತ ಜೊಲ್ಲು ಹಾಳೆಯ ಮೇಲೆ ತೊಟ್ಟಿಕ್ಕಿತು. ಇವನು ಅದನ್ನು ಒರೆಸಲಿಲ್ಲ. ಮನೆಗೆ ತಂದು, ಒಣಗಿಸಿ, ಕಲೆಯ ಸುತ್ತ ಪೆನ್ಸಿಲಿನಿಂದ ಗುಂಡಗೆ ಗೆರೆ ಎಳೆದು, ಇದು ಅಸಲಿ ಅನ್ನೋದಕ್ಕೆ ಸಾಕ್ಷಿ ಅಂತ ಎದೆಯುಬ್ಬಿಸಿದ. ಮನೆಗೆ ಬಂದ ನೆಂಟರಿಗೆ ಕೈ ತೊಳೆದುಕೊಂಡು ಬನ್ನಿ ಅಂತ ಹೇಳಿ ಆ ಪುಟ ತೋರಿಸುತ್ತಿದ್ದ. ಯಾವನದೋ ಎಂಜಲು ಮುಟ್ಟಲು ಕೈ ತೊಳೆಯಬೇಕಾದ ಮನೆ ಲೋಕದಲ್ಲಿ ಅದೊಂದೇ ಇದ್ದಿರಬೇಕು.

ಕಾಲ ಕಳೆದಂತೆ ಹೆಸರುವಾಸಿಗಳ ಸುತ್ತ ಕಾವಲಿನವರು ಹೆಚ್ಚಿದರು. ಇವನನ್ನು ನೂಕಿದರು, ಒಮ್ಮೆ ಕನ್ನಡಕ ಒಡೆದುಹೋಯಿತು. ಅಷ್ಟಕ್ಕೆ ಬಿಡುತ್ತಾನೆ ಅಂದುಕೊಂಡಳು. ಬಿಡಲಿಲ್ಲ, ಉಪಾಯ ಹುಡುಕಿದ. ಮೀಟರ್ ಓದಲು ಹೋದ ಬೀದಿಯೊಂದರಲ್ಲಿ ಹಿರಿಯ ನಾಟಕಕಾರರೊಬ್ಬರು ತೀರಿಕೊಂಡಿದ್ದರು. ಬಾಗಿಲಲ್ಲಿ ಸಾಲುಗಟ್ಟಿ ಕಾರುಗಳು. ಒಳಗೆ ಹಣಕಿದರೆ ಊರಿನ ದೊಡ್ಡ ಮುಖಗಳೆಲ್ಲ ಒಂದೇ ಕೋಣೆಯಲ್ಲಿ ತಲೆ ತಗ್ಗಿಸಿ ನಿಂತಿವೆ. ಓಡುವ ಹಾಗಿಲ್ಲ, ಸಿಡುಕುವ ಹಾಗಿಲ್ಲ, ಕಾವಲಿನವನು ಯಾರನ್ನೂ ನೂಕುವ ಹಾಗಿಲ್ಲ. ಇಂಥ ಜಾಗ ಇಷ್ಟು ವರ್ಷ ತನ್ನ ಕಣ್ಣಿಗೆ ಬೀಳದೆ ಹೋಯಿತಲ್ಲ ಅಂತ ಆ ದಿನ ಅವನು ಪೇಚಾಡಿದ್ದನ್ನು ಸೂಜಿಯಕ್ಕ ತನ್ನ ಕಿವಿಯಾರೆ ಕೇಳಿದಳು.

ಅಲ್ಲಿಂದ ಅವನ ದಂಧೆಯೇ ಬದಲಾಯಿತು. ಬೆಳಿಗ್ಗೆ ಎದ್ದರೆ ಪತ್ರಿಕೆಯಲ್ಲಿ ಸತ್ತವರ ಪುಟ. ಒಗೆದು ಇಸ್ತ್ರಿ ಮಾಡಿದ ತಿಳಿ ಬಣ್ಣದ ಅಂಗಿ. ರಟ್ಟಿನ ಪ್ಯಾಡಿಗೆ ಸಿಕ್ಕಿಸಿದ ಹಾಳೆಗಳು, ಅವುಗಳ ಅಂಚಿಗೆ ಅವನೇ ಸ್ಕೇಲು ಹಿಡಿದು ಎಳೆದ ಕಪ್ಪು ಗೆರೆ, ತಲೆಯ ಮೇಲೆ ‘ಅಗಲಿದ ಚೇತನಕ್ಕೆ ಎರಡು ಮಾತು’ ಅನ್ನುವ ಬರಹ. ಸತ್ತವರ ಮನೆಯವರು ಇವನನ್ನು ಯಾವುದೋ ಸಂಘದವನು ಅಂದುಕೊಳ್ಳುತ್ತಿದ್ದರು, ಸಂಘದವರು ಮನೆಯವನು ಅಂದುಕೊಳ್ಳುತ್ತಿದ್ದರು. ಅವನು ಮುಖ ಬಾಡಿಸಿಕೊಂಡು ಮೆಲ್ಲಗೆ ಪ್ಯಾಡು ಚಾಚುತ್ತಿದ್ದ. ಬಂದ ಗಣ್ಯರು ಕಣ್ಣು ಒರೆಸಿಕೊಂಡು ಬರೆಯುತ್ತಿದ್ದರು. ಕೆಲವರು ನಿಜಕ್ಕೂ ಅಳುತ್ತ, ಎದೆಯೊಳಗಿದ್ದದ್ದನ್ನು ಬರೆಯುತ್ತಿದ್ದರು. ಆ ಹಾಳೆ ಸತ್ತವರ ಹೆಂಡತಿ ಮಕ್ಕಳ ಕೈಗೆ ಹೋಗುತ್ತಿರಲಿಲ್ಲ. ಇವರ ಮನೆಯ ಆಲ್ಬಮ್ಮಿಗೆ ಬರುತ್ತಿತ್ತು.

ಒಮ್ಮೆ ಅವಳು ಅದನ್ನು ಓದಿ ಕೇಳಿದ್ದಳು, ಇವನ್ನು ಆ ಮನೆಗಳಿಗೆ ಕೊಟ್ಟು ಬರಬಾರದಾ ಅಂತ. ಗಂಡ ನಿಜವಾಗಿಯೂ ಬೆರಗಾದ. ಅವರಿಗೆ ಆ ಮನುಷ್ಯನೇ ಅಷ್ಟು ವರ್ಷ ಇದ್ದನಲ್ಲ, ನಮಗೆ ಇದಾದರೂ ಇರಲಿ ಅಂದ. ಅವತ್ತು ಅವಳಿಗೆ ಊಟ ಸೇರಲಿಲ್ಲ. ತಟ್ಟೆ ಬಿಟ್ಟು ಎದ್ದು ಹಿಂದಿನ ಮೆಟ್ಟಿಲ ಮೇಲೆ ಹೋಗಿ ಕೂತಳು. ಹೆಣ ಕಂಡರೆ ಸುತ್ತುವ ಹದ್ದಿಗೂ ಹಸಿವು ಅನ್ನುವ ಕಾರಣ ಇದೆ, ಈ ಮನುಷ್ಯನಿಗೆ ಏನು ಕಾರಣ ಅನ್ನುವುದು ಅವಳಿಗೆ ಕೊನೆಯವರೆಗೂ ತಿಳಿಯಲಿಲ್ಲ. ಆ ಮೇಲೆ ಅವನು ಆಲ್ಬಮ್ ತೆರೆದಾಗಲೆಲ್ಲ ಅವಳು ಆ ಕೋಣೆಯಿಂದ ಎದ್ದು ಹೋಗುವುದನ್ನು ರೂಢಿ ಮಾಡಿಕೊಂಡಳು.

ಸೂಜಿಯಕ್ಕನಿಗೆ ತವರು ಅಂತ ಉಳಿದಿದ್ದು ಒಬ್ಬನೇ ಅಣ್ಣ. ಅಪ್ಪ ಅಮ್ಮ ಬೇಗ ಹೋದ ಮೇಲೆ ಅವಳಿಗೆ ಜಡೆ ಹಾಕಿ, ಗಂಜಿ ಕುಡಿಸಿ, ಹೊಲಿಗೆ ಕಲಿಸಲು ಕಳಿಸಿದವನು. ತಾನು ಮದುವೆಯಾಗಲಿಲ್ಲ. ಸಿನಿಮಾದಲ್ಲಿ ಮುಖಕ್ಕೆ ಬಣ್ಣ ಹಚ್ಚುವ ಕೆಲಸ, ಹಾಗಾಗಿ ಎಲ್ಲರಿಗೂ ಬಣ್ಣದಣ್ಣ. ಊರೆಲ್ಲ ಬಾಯಿಬಿಟ್ಟು ನೋಡುವ ಒಬ್ಬ ದೊಡ್ಡ ಹೀರೋನ ಮುಖ ಇಪ್ಪತ್ತು ವರ್ಷಗಳ ಕಾಲ ಇವನ ಕೈಯಲ್ಲೇ ಇತ್ತು. ಬೋಳುತಲೆಗೆ ಅಂಟು ಸವರಿ ಕೂದಲ ಟೋಪಿ ಕೂರಿಸುವುದು, ಕೆನ್ನೆಯ ಹಳ್ಳ ತುಂಬುವುದು, ಸಂಜೆ ಎಲ್ಲವನ್ನೂ ಸ್ಪಿರಿಟ್ಟಿನಲ್ಲಿ ಕರಗಿಸಿ ತೊಳೆಯುವುದು. ಆ ಅಂಟು, ಆ ಸ್ಪಿರಿಟ್ಟು ಬಣ್ಣದಣ್ಣನ ಬೆರಳ ತೊಗಲನ್ನೂ ತಿಂದವು, ಎದೆಯನ್ನೂ ತಿಂದವು. ಕೆಮ್ಮು ಜೋರಾದ ವರ್ಷ ಹೀರೋನ ಮ್ಯಾನೇಜರು, ಸಾರ್‌ಗೆ ಕೆಮ್ಮಿನ ಸದ್ದು ಆಗಲ್ಲ ಅಂತ ಹೇಳಿ ಬೇರೆಯವನನ್ನು ಇಟ್ಟುಕೊಂಡ. ಹೀರೋ ಒಂದು ಮಾತೂ ಕೇಳಲಿಲ್ಲ.

ಇಷ್ಟಾದರೂ ಬಣ್ಣದಣ್ಣ ಆ ಮನುಷ್ಯನ ಬಗ್ಗೆ ಒಳ್ಳೆಯದಾಗಲಿ ಕೆಟ್ಟದ್ದಾಗಲಿ ಬಾಯಿಬಿಟ್ಟವನಲ್ಲ. ಸೂಜಿಯಕ್ಕನ ಗಂಡ ವರ್ಷಗಟ್ಟಲೆ ಅವನ ಜೀವ ಹಿಂಡಿದ್ದ. ಒಂದೇ ಒಂದು ಸಹಿ ಭಾವ, ನಿಮಗೆ ಅದೆಷ್ಟರ ಮಾತು ಅಂತ. ಒಮ್ಮೆ ಮಾತ್ರ ಬಣ್ಣದಣ್ಣ ತಿರುಗಿ ಹೇಳಿದ:

“ಅವರ ತಲೆಗೆ ಅಂಟು ಹಚ್ಚೋದು ನನ್ನ ಕೆಲಸ, ತೊಳೆಯೋದೂ ನನ್ನ ಕೆಲಸ. ಕೆಲಸ ಮಾಡೋ ಜಾಗದಲ್ಲಿ ಕೈಯೊಡ್ಡೋಕೆ ನನಗೆ ಬರಲ್ಲ ಭಾವ.”

ಗಂಡ ಅದನ್ನು ಅಹಂಕಾರ ಅಂದುಕೊಂಡು ಒಂದು ತಿಂಗಳು ಮುಖ ಊದಿಸಿಕೊಂಡಿದ್ದ. ಸೂಜಿಯಕ್ಕನಿಗೆ ಮಾತ್ರ ಆ ಮಾತು ಕೇಳಿದಾಗಿನಿಂದ ಅಣ್ಣನ ಮೇಲಿನ ಅಭಿಮಾನ ಇನ್ನಷ್ಟು ಹೆಚ್ಚಿತು.

ಉಸಿರಿಗೇ ಕಷ್ಟವಾದಾಗ ಅಣ್ಣನನ್ನು ಅವಳು ತನ್ನ ಮನೆಗೆ ಕರೆತಂದಳು. ಮುಂದಿನ ಕೋಣೆಯಲ್ಲಿ ಕಿಟಕಿಯ ಪಕ್ಕ ಮಂಚ ಹಾಕಿದಳು. ಆಸ್ಪತ್ರೆಯ ಕೆಲಸ ಮುಗಿಸಿ ಬಂದು ಬೆನ್ನು ಒರೆಸಿ, ಕಫದ ಬಟ್ಟಲು ತೊಳೆದು, ದಿಂಬು ಎತ್ತರಿಸಿ ಕೂರಿಸುತ್ತಿದ್ದಳು. ಅವನು ಹೆಚ್ಚು ದಿನ ಇರುವುದಿಲ್ಲ ಅನ್ನುವುದು ಇಬ್ಬರಿಗೂ ಗೊತ್ತಿತ್ತು. ಗಂಡನಿಗೂ ಗೊತ್ತಿತ್ತು. ಮಂಚದ ಹತ್ತಿರ ಬಂದು ನಿಂತು, ಹೇಗಿದೀರಿ ಭಾವ ಅನ್ನುವಾಗ ಅವನ ಕಣ್ಣಲ್ಲಿ ಏನೋ ಲೆಕ್ಕ ಓಡಾಡುತ್ತಿತ್ತು. ಅದನ್ನು ಅವಳೂ ಕಂಡಳು, ಅಣ್ಣನೂ ಕಂಡ.

ಒಂದು ಸಂಜೆ ಅಣ್ಣ ಅವಳ ಮುಂಗೈ ಹಿಡಿದುಕೊಂಡ. ಸಿಪ್ಪೆಯೆದ್ದ ಆ ಬೆರಳುಗಳು ಮರಳು ಕಾಗದದ ಹಾಗಿದ್ದವು.

“ಪುಟ್ಟೀ, ನನಗೆ ಹೂವು ಬೇಡ, ಭಾಷಣ ಬೇಡ. ಭಾವನ ಹಾಳೆ ಮಾತ್ರ ನನ್ನ ಮುಂದೆ ಬಿಚ್ಚಬಾರದು. ಅಷ್ಟು ನೋಡ್ಕೊ.”

“ನಾನಿರೋವಾಗ ಯಾರು ಬಿಚ್ತಾರೆ ಅಣ್ಣ” ಅಂದಳು ಅವಳು.

ಅವನು ಹೇಳಿದ್ದು ಅಷ್ಟೇ, ಅವಳಿಂದ ಬಯಸಿದ್ದೂ ಜೀವಮಾನದಲ್ಲಿ ಅದೊಂದೇ. ಅದೇ ದಿನ ಅವಳು ಗಂಡನನ್ನು ಅಡುಗೆಮನೆಗೆ ಕರೆದು, ಅಣ್ಣ ಹೋದ ದಿನ ಆ ಪ್ಯಾಡು ಮನೆಯಲ್ಲಿ ಕಂಡರೆ ಒಲೆಗೆ ಹಾಕುತ್ತೇನೆ ಅಂತ ಹಲ್ಲು ಕಚ್ಚಿ ಹೇಳಿದಳು. ಗಂಡ ಎರಡು ಕೆನ್ನೆಗೂ ಕೈ ತಟ್ಟಿಕೊಂಡು, ಛೆ, ನನ್ನನ್ನ ಏನಂದುಕೊಂಡಿದೀಯ ಅಂದ. ಏನಂದುಕೊಂಡಿದ್ದಾಳೋ ಅದನ್ನು ಅವಳು ಹೇಳಲಿಲ್ಲ. ಆದರೆ ಅಣ್ಣ ಹೋದ ದಿನ ಹೀರೋ ಏನಾದರೂ ಎದುರು ಸಿಕ್ಕರೆ ಹೇಳಬೇಕಾದ ಮಾತುಗಳನ್ನು ಮಾತ್ರ ಅವಳು ಆ ದಿನಗಳಲ್ಲಿ ಹೊಲಿಗೆ ಹಾಕುತ್ತ ಹಾಕುತ್ತ ಮನಸ್ಸಿನಲ್ಲೇ ಮಸೆದಿಟ್ಟುಕೊಂಡಳು. ನಿಮ್ಮ ಬೋಳುತಲೆ ತೊಳೆದೂ ತೊಳೆದೂ ಸತ್ತವನು ಇವನು, ಇವನ ಕೆಮ್ಮು ನಿಮಗೆ ಕೇಳಿಸಲಿಲ್ಲವಾ ಅಂತ ಮುಖಕ್ಕೆ ಹೊಡೆದ ಹಾಗೆ ಕೇಳಬೇಕು ಅಂದುಕೊಂಡಿದ್ದಳು.

ಬಣ್ಣದಣ್ಣ ಒಂದು ಬೆಳಗಿನ ಹೊತ್ತು, ಅವಳು ಬಿಸಿನೀರು ತರಲು ಒಳಗೆ ಹೋದಾಗ, ಸದ್ದಿಲ್ಲದೆ ಹೋದ.

ಅವಳು ಯಾರನ್ನೂ ಕಾಯದೆ ತಾನೇ ಮೈ ಒರೆಸಿದಳು, ಗಡ್ಡ ಹೆರೆದಳು, ಒಗೆದ ಬಟ್ಟೆ ಹಾಕಿದಳು. ಎಡಗಣ್ಣಿನ ರೆಪ್ಪೆ ಮಾತ್ರ ಪೂರ್ತಿ ಇಳಿಯಲಿಲ್ಲ. ಆಸ್ಪತ್ರೆಯಲ್ಲಿ ಹೀಗಾದಾಗ ಒದ್ದೆ ಹತ್ತಿ ಇಟ್ಟು ಬೆರಳಿನಿಂದ ಒತ್ತಿ ಹಿಡಿಯುವುದನ್ನು ನೋಡಿದ್ದಳು. ಹಾಗೇ ಹಿಡಿದು ಅವನ ತಲೆಯ ಹತ್ತಿರ ಕೂತಳು. ದೂರದ ಸಂಬಂಧದ ಚಿಕ್ಕಮ್ಮ ಬಂದಳು, ಅಕ್ಕಪಕ್ಕದವರು ಬಂದರು, ಬಣ್ಣ ಹಚ್ಚುವ ಹಳೆಯ ಜೊತೆಗಾರರು ಒಂದಿಬ್ಬರು ಬಂದು ಗೋಡೆಗೆ ಒರಗಿ ನಿಂತರು. ಹೊರಗೆ ಹೆಣದ ಗಾಡಿ ಬಂದು ನಿಂತಿತು. ಅಳುವವರು ಅಳುತ್ತಿದ್ದರು, ಮನೆ ಸಾವಿನ ಮನೆಯ ಹಾಗೇ ಇತ್ತು. ಗಂಡ ತಿಳಿ ಬಣ್ಣದ ಅಂಗಿ ತೊಟ್ಟು ಬಾಗಿಲಿಗೂ ಬೀದಿಗೂ ಓಡಾಡುತ್ತಿದ್ದ. ಗಾಡಿ ಹೊರಡುವುದು ಬೇಡ, ಇನ್ನೊಂದು ಸ್ವಲ್ಪ ಹೊತ್ತು ಅನ್ನುತ್ತಿದ್ದ. ಅವಳು ಅಣ್ಣನ ರೆಪ್ಪೆಯ ಮೇಲಿನ ಹತ್ತಿಯನ್ನು ಬಿಡದೆ ಹಿಡಿದು ಕೂತಿದ್ದಳು.

ಬೀದಿಯ ತುದಿಯಲ್ಲಿ ಕೂಗು ಎದ್ದಿತು. ಮೊದಲು ಕಿಟಕಿಯಲ್ಲಿ ನಿಂತಿದ್ದವರು ಹೋದರು. ಆಮೇಲೆ ಗೋಡೆಗೆ ಒರಗಿದ್ದ ಜೊತೆಗಾರರು. ಗಂಟಲು ಹರಿಯುವಂತೆ ಅಳುತ್ತಿದ್ದ ಚಿಕ್ಕಮ್ಮ ಮೂಗು ಒರೆಸಿಕೊಂಡು, ಯಾರಂತೆ, ಅವರೇನಾ ಅನ್ನುತ್ತ ಚಪ್ಪಲಿಯಿಲ್ಲದೆ ಓಡಿದಳು. ಕೋಣೆಯಲ್ಲಿ ಉಳಿದವರು ಸತ್ತವನೂ ಸೂಜಿಯಕ್ಕನೂ. ಹೊರಗೆ ಸಾರ್ ಸಾರ್ ಅನ್ನುವ ಗದ್ದಲ. ಹೆಣದ ಗಾಡಿಯ ಡ್ರೈವರು ಗಾಡಿಯ ಬಾಗಿಲ ಮೇಲೇ ದೊಡ್ಡದಾಗಿ ಸಹಿ ಮಾಡಿಸಿಕೊಂಡನಂತೆ. ಚಿಕ್ಕಮ್ಮ ಮುಂಗೈ ಮೇಲೆ. ಗಂಡನೇ ಹೀರೋನ ಆಫೀಸಿಗೆ ಫೋನ್ ಮಾಡಿದ್ದ, ಪತ್ರಿಕೆಯ ಫೋಟೋದವನಿಗೂ ತಿಳಿಸಿದ್ದ. ತಿಳಿಸಿದ್ದು ತಪ್ಪಾ ಅಂತ ಆಮೇಲೆ ಅವನು ಎಲ್ಲರನ್ನೂ ಕೇಳಿದ.

ಹೀರೋ ಒಳಗೆ ಬಂದ. ಅವನ ಜೊತೆ ಸೆಂಟಿನ ವಾಸನೆ ಬಂತು, ಅದು ಡೆಟಾಲಿನ ವಾಸನೆಗೆ ಬೆರೆತು ಉಸಿರುಗಟ್ಟಿಸುವಂತಿತ್ತು. ಅವನು ಮಂಚದ ಮೇಲೆ ಮಲಗಿದ್ದ ಮುಖವನ್ನು ಒಂದು ಕ್ಷಣ ನೋಡಿ, ಪಕ್ಕದ ಮ್ಯಾನೇಜರನ ಕಡೆ ಬಾಗಿ, “ಯಾರು, ಲೈಟಿನವರಾ?” ಅಂತ ಪಿಸುಗುಟ್ಟಿದ. ಮೇಕಪ್ಪು ಸಾರ್ ಅಂದ ಮ್ಯಾನೇಜರು. ಓ ಅಂದು ಹೀರೋ ತಲೆ ತಗ್ಗಿಸಿದ. ಫೋಟೋದವನು, ಸಾರ್ ಸ್ವಲ್ಪ ಕಿಟಕಿ ಕಡೆ ಅಂದ. ಹೀರೋ ಬೆಳಕು ಬೀಳುವ ಕಡೆಗೆ ಸರಿದು ಮತ್ತೆ ತಲೆ ತಗ್ಗಿಸಿದ.

ಸೂಜಿಯಕ್ಕ ಅದನ್ನೆಲ್ಲ ಕೇಳಿದಳು, ನೋಡಿದಳು. ಕೇಳಿಯೂ ಎದ್ದು ನಿಂತಳು. ಮಸೆದಿಟ್ಟ ಮಾತುಗಳು ಬಾಯಿಗೆ ಬರಲಿ ಅಂತ ಕಾದಳು. ಅವನು ಅವಳ ಕಡೆ ತಿರುಗಿದ, ಬೀದಿ ಗೋಡೆಗಳ ಪೋಸ್ಟರಿನಲ್ಲಿ ಆಳೆತ್ತರಕ್ಕೆ ನೋಡಿದ್ದ ಆ ಮುಖ ಅವಳ ಮುಖಕ್ಕೆ ಒಂದು ಮೊಳ ದೂರದಲ್ಲಿ ನಿಂತು, ತಂಗಿಯವರಾ ಅಂತ ಕೇಳಿತು. ಅಣ್ಣನ ಕಣ್ಣಿನ ಮೇಲಿದ್ದ ಅವಳ ಕೈ ಯಾವಾಗಲೋ ಅಲ್ಲಿಂದ ಎದ್ದಿತ್ತು. ಆ ಒದ್ದೆ ಕೈಯಲ್ಲೇ ಅವಳು ಹಣೆಯ ಮೇಲಿನ ಕೂದಲನ್ನು ಹಿಂದಕ್ಕೆ ಸವರಿಕೊಂಡಳು.

“ಹೌದು ಸಾರ್. ಕೂತ್ಕೊಳ್ಳಿ ಸಾರ್. ಕುಡಿಯೋಕೆ ತಣ್ಣಗೆ ಏನಾದ್ರೂ ತರ್ಲಾ?”

ಬೇಡಮ್ಮ, ಶೂಟಿಂಗ್ ಇದೆ ಅಂದ ಹೀರೋ. ಅಷ್ಟರಲ್ಲಿ ಗಂಡ ಮುಖ ಬಾಡಿಸಿಕೊಂಡು, ಮಂಚದ ಅಡ್ಡಪಟ್ಟಿಯ ಪಕ್ಕದಲ್ಲೇ ನಿಂತು ಪ್ಯಾಡು ಚಾಚಿದ. ಏನು ಬರೆಯಲಿ ಅಂತ ಹೀರೋ ಕೇಳಿದ. ಗಂಡ ಶಾಲೆಯ ಮೇಷ್ಟರ ಹಾಗೆ ಬಿಡಿಸಿ ಬಿಡಿಸಿ ಹೇಳಿಕೊಟ್ಟ: ನನ್ನ ಮುಖಕ್ಕೆ ಜೀವ ತುಂಬಿದ ಕಲಾವಿದ, ನನಗೆ ಸ್ವಂತ ಅಣ್ಣನ ಹಾಗಿದ್ದರು. ಹೀರೋ ನಡುವೆ ತಡೆದು, ಸ್ವಂತ ಅಂತಾನೂ ಹಾಕ್ಬೇಕಾ ಅಂದ. ಹಾಕಿ ಸಾರ್, ಚೆನ್ನಾಗಿರತ್ತೆ ಅಂದ ಗಂಡ. ಹೀರೋ ಹಾಕಿದ. ಕೆಳಗೆ ಸಹಿ ಎಳೆದ. ಆಗ ಗಂಡ ಪ್ಯಾಡನ್ನು ಅವಳ ಕಡೆ ತಿರುಗಿಸಿದ.

“ನೀನೂ ಕೆಳಗೊಂದು ಹಾಕು. ತಂಗಿ ಅಂತ ಬರಿ. ನಾಳೆ ಯಾರೂ ಸುಳ್ಳು ಅನ್ನಲ್ಲ.”

ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಹೀರೋ ತನ್ನ ಪೆನ್ನನ್ನೇ ಅವಳಿಗೆ ಕೊಟ್ಟ. ಅದು ಬೆಚ್ಚಗಿತ್ತು. ಫೋಟೋದವನ ಬೆಳಕು ಫಳ್ಳೆಂದಿತು. ಅವಳು ಬರೆದಳು. ಅಂಕುಡೊಂಕಾಗದೆ, ಶಾಲೆಗೆ ಹೋಗುವಾಗ ಅಣ್ಣನೇ ಕಲಿಸಿಕೊಟ್ಟ ದುಂಡಗಿನ ಅಕ್ಷರದಲ್ಲಿ ನಿಧಾನವಾಗಿ ಬರೆದಳು.

ಹೀರೋನ ಕಾರಿನ ಹಿಂದೆ ಬೀದಿಗೆ ಬೀದಿಯೇ ಓಡಿತು. ಅವಳು ಮಂಚದ ಕಡೆ ತಿರುಗಿದಾಗ ಹತ್ತಿ ಉರುಳಿ ದಿಂಬಿನ ಮೇಲೆ ಬಿದ್ದಿತ್ತು, ಅಣ್ಣನ ಎಡಗಣ್ಣು ಅರ್ಧ ತೆರೆದಿತ್ತು. ಹೊಸ ಹತ್ತಿ ನೆನೆಸಿ ಇಟ್ಟಳು, ಒತ್ತಿದಳು, ಕಾದಳು. ರೆಪ್ಪೆ ಆಗಲೇ ಬಿಗಿದುಹೋಗಿತ್ತು. ಹಾಗೇ ತೆಗೆದುಕೊಂಡು ಹೋದರು.

ಮಾರನೆಯ ಬೆಳಿಗ್ಗೆ ಗಂಡ ಮೇಜಿನ ಮುಂದೆ ಕೂತು ಆ ಹಾಳೆಯ ಮೂಲೆಗಳಿಗೆ ಅಂಟು ಹಚ್ಚುತ್ತಿದ್ದ. ಅವಳು ಅದನ್ನು ಕಿತ್ತುಕೊಂಡು ಹರಿದಳು. ಹೀರೋನ ಸಹಿ ಹರಿದಳು, ಸ್ವಂತ ಅಣ್ಣ ಅನ್ನುವುದನ್ನು ಹರಿದಳು, ತನ್ನ ದುಂಡಗಿನ ಅಕ್ಷರವನ್ನು ಉಗುರಿನಷ್ಟು ಉಗುರಿನಷ್ಟು ಚೂರು ಮಾಡಿದಳು. ಅವನು ಕೂಗಾಡಲಿ, ಎದೆ ಬಡಿದುಕೊಳ್ಳಲಿ ಅಂತ ಕಾದಳು. ಅವನಿಗೆ ಹೇಳಬೇಕಾದದ್ದು ಅವಳಲ್ಲಿ ಬೇಕಾದಷ್ಟಿತ್ತು. ಅವನು ಚೂರುಗಳನ್ನು ಅಂಗೈಯಿಂದ ಒಟ್ಟುಮಾಡಿ ಒಂದು ಪಕ್ಕಕ್ಕೆ ಸರಿಸಿದ.

“ಹೋಗ್ಲಿ ಬಿಡು. ಇದು ಇದೆಯಲ್ಲ” ಅಂತ ಪತ್ರಿಕೆಯನ್ನು ಅವಳ ಮುಂದೆ ನೂಕಿದ. “ನೀನು ಚೆನ್ನಾಗಿ ಬಂದಿದೀಯ ಕಣೇ.”

ಅದರ ಫೋಟೋದಲ್ಲಿ, ಕಿಟಕಿಯ ಬೆಳಕಿಗೆ ಹೀರೋ ತಲೆ ತಗ್ಗಿಸಿ ನಿಂತಿದ್ದ. ಹಿಂದೆ ಮಂಚದ ಮೇಲೆ ಅಣ್ಣ, ಒಂದು ಕಣ್ಣು ಬಿಟ್ಟುಕೊಂಡು. ಮುಂದೆ ಪೆನ್ನು ಹಿಡಿದ ಅವಳು. ಅತ್ತಿರಬಹುದು, ಕಣ್ಣಾದರೂ ಕೆಂಪಗಿರಬಹುದು ಅಂತ ಅವಳು ಬಗ್ಗಿ ಹುಡುಕಿದಳು. ಕೂದಲು ಒಪ್ಪವಾಗಿ ಕೂತಿತ್ತು, ಬಾಯಿತುಂಬ ನಗುತ್ತಿದ್ದಳು. ಕೆಳಗೆ ಸಣ್ಣ ಅಕ್ಷರದಲ್ಲಿ, ಅಗಲಿದ ಕಲಾವಿದನ ಮನೆಯಲ್ಲಿ ನಾಯಕನಟ, ಪಕ್ಕದಲ್ಲಿರುವವರು ಅಭಿಮಾನಿ ಅಂತ ಹಾಕಿದ್ದರು. ತಪ್ಪು ಹಾಕಿದ್ದಾರೆ ಅನ್ನಲು ಸೂಜಿಯಕ್ಕನಿಗೆ ಬಾಯಿ ಬರಲಿಲ್ಲ.